ಒಂಟಿ ಸಾಕ್ಷಿಯ ಕಾರ್ಡು

ಹ್ಯಾಲಿಫ್ಯಾಕ್ಸ್
10 ಫೆಬ್ರವರಿ 1975

ಶ್ರೀ ಬರ್ಟಿಸ್ ನ್ಯೂವೆಲ್ ಅವರಿಗೆ,

ನೀವು ಕಳಿಸಿದ ಮೂರು ಬೂಟಿನ ಪೆಟ್ಟಿಗೆಗಳು ನಿಘಂಟು ಕಚೇರಿಗೆ ತಲುಪಿವೆ. ಸುತ್ತಿದ ಹಗ್ಗದ ಗಂಟು ಬಿಚ್ಚಲು ನಮ್ಮಲ್ಲಿ ಮೂವರಿಗೂ ಆಗಲಿಲ್ಲ. ಕೊನೆಗೆ ಕತ್ತರಿಸಬೇಕಾಯಿತು, ಕ್ಷಮಿಸಿ.

ಹನ್ನೊಂದು ವರ್ಷದಿಂದ ನಿಮ್ಮ ದ್ವೀಪದ ಮಾತುಗಳನ್ನು ಕಿವಿಗೆ ಬಿದ್ದ ಹಾಗೆ ಕಾರ್ಡಿನಲ್ಲಿ ಬರೆದು ತಿಂಗಳಿಗೊಂದು ಲಕೋಟೆ ಕಳಿಸುತ್ತ ಬಂದಿದ್ದೀರಿ. ‘ಸೆಟ್’ ಎಂಬ ಒಂದು ಪದವನ್ನು ಮಾತ್ರ ಹಿಡಿದಿಟ್ಟುಕೊಂಡಿದ್ದಿರಿ. ಕೇಳಿದಾಗಲೆಲ್ಲ ‘ಅದು ಇನ್ನೂ ಮುಗಿದಿಲ್ಲ’ ಎಂದೇ ಬರೆಯುತ್ತಿದ್ದಿರಿ. ಈಗ ಒಂಬೈನೂರಕ್ಕೂ ಹೆಚ್ಚು ಕಾರ್ಡು, ಎಲ್ಲವೂ ಅದೇ ಪದದ್ದು. ‘ಈ ನ್ಯೂವೆಲ್ ಒಂದೇ ಪದದಲ್ಲಿ ನಮ್ಮನ್ನೆಲ್ಲ ಮುಳುಗಿಸಿಬಿಡ್ತಾನೆ ಕಣಮ್ಮ’ ಎಂದು ಸಂಪಾದಕರು ನಗುತ್ತಿದ್ದರು.

ಒಳಗೆ ನಿಮ್ಮ ಕಾಗದವಿರಲಿಲ್ಲ. ಪದ ಮುಗಿಯಿತೆಂದು ತಿಳಿಯಲೇ? ನೀವು ಕ್ಷೇಮ ತಾನೇ?

ನಿಮ್ಮ,
ವಿನಿಫ್ರೆಡ್ ಕೋರ್ಕಮ್
ಕಾರ್ಡು ವಿಂಗಡಣೆ


ಪೆಟ್ರೆಲ್ ದ್ವೀಪ
24 ಫೆಬ್ರವರಿ 1975

ಮಿಸ್ ಕೋರ್ಕಮ್ ಅವರಿಗೆ,

ನಿಮ್ಮ ಕಾಗದ ನಾನು ಒಡೆದೆ. ಬರ್ಟಿಸ್ ಈಗ ಕಾಗದ ಒಡೆಯುವುದಿಲ್ಲ. ನಾನು ಅವನ ಹೆಂಡತಿ ಎಲ್ವಾ. ಏಳನೇ ತರಗತಿವರೆಗೆ ಓದಿದವಳು, ತಪ್ಪಿದ್ದರೆ ತಿದ್ದಿಕೊಳ್ಳಿ.

ನಮ್ಮ ಮಗ ವೇಡ್ ನವೆಂಬರ್ 25ರಂದು ತೀರಿಕೊಂಡ. ಅದು ಬೋನು ಇಳಿಸುವ ದಿನ. ನವೆಂಬರಿನ ಕೊನೆಯ ಸೋಮವಾರ ಈ ಕಡೆಯ ದೋಣಿಗಳೆಲ್ಲ ಲಾಬ್‌ಸ್ಟರ್ ಬೋನುಗಳನ್ನು ಆಳೆತ್ತರ ಪೇರಿಸಿಕೊಂಡು ಒಟ್ಟಿಗೆ ಹೊರಡುತ್ತವೆ. ಬೋನು ನೀರಿಗೆ ಬಿದ್ದಾಗ ಅದರ ಹಿಂದೆ ಹಗ್ಗ ಓಡುತ್ತದೆ. ಓಡುವ ಹಗ್ಗದ ಸುರುಳಿಯೊಳಗೆ ಅವನ ಕಾಲಿತ್ತು. ದೋಣಿಯಲ್ಲಿ ಅವನ ಅಪ್ಪ ಇದ್ದ, ನನ್ನ ತಮ್ಮ ಕ್ಲೇಟನ್ ಇದ್ದ. ಅದೇ ಹಗ್ಗ ಎಳೆದು ಅವನನ್ನು ಮೇಲೆ ತಂದರು. ಹನ್ನೊಂದು ನಿಮಿಷ ಹಿಡಿಯಿತಂತೆ. ಅವನಿಗೆ ಇಪ್ಪತ್ತಮೂರು ವರ್ಷ.

ನನಗೆ ದಿನಾ ದಿನಚರಿ ಬರೆಯುವ ಅಭ್ಯಾಸ. ಆ ದಿನದ ಪುಟದಲ್ಲಿ ‘ವಾಯವ್ಯ ಗಾಳಿ, ಸಣ್ಣದು. ಎರಡು ಬ್ರೆಡ್ ಬೇಯಿಸಿದೆ’ ಎಂದಿದೆ. ಮರುದಿನದ ಪುಟದಲ್ಲಿ ‘ಗಾಳಿ ತಿರುಗಿತು’ ಎಂದಿದೆ. ಅಕ್ಷರ ನನ್ನದೇ.

ನಮ್ಮ ಬೋನುಗಳನ್ನು ಊರಿನವರು ಎತ್ತಿ ತಂದು ಅಂಗಳದಲ್ಲಿ ಪೇರಿಸಿ ಹೋದರು. ಬಾಗಿಲು ತಟ್ಟಲಿಲ್ಲ. ಇಲ್ಲಿ ಹಾಗೆಯೇ. ಬರ್ಟಿಸ್ ಎರೆಗೆ ಹಾಕುವ ಮೀನು ಇಡುವ ಕೊಟ್ಟಿಗೆಯಲ್ಲಿ ಕೂತು ಬೇರೆಯವರ ಬೋನುಗಳಿಗೆ ಬಲೆ ಹೆಣೆಯುತ್ತಾನೆ. ಜನವರಿಯಲ್ಲಿ ಒಂದು ದಿನ ಪೆಟ್ಟಿಗೆಗಳನ್ನು ಮೇಜಿನ ಮೇಲಿಟ್ಟ.

‘ಕಳಿಸಿಬಿಡು’ ಅಂದ.

‘ಮುಗೀತಾ?’ ಅಂದೆ.

‘ಮುಗೀತು’ ಅಂದ.

ಆ ವಾರ ಅವನು ಆಡಿದ್ದು ಅಷ್ಟೇ. ಈ ಕಾಗದಕ್ಕೆ ಉತ್ತರ ಬೇಡ.

ಎಲ್ವಾ ನ್ಯೂವೆಲ್


ಹ್ಯಾಲಿಫ್ಯಾಕ್ಸ್
3 ಮಾರ್ಚ್ 1975

ಶ್ರೀಮತಿ ನ್ಯೂವೆಲ್ ಅವರಿಗೆ,

ಉತ್ತರ ಬೇಡ ಎಂದಿದ್ದೀರಿ. ಆದರೆ ಹೋದ ಕಾಗದದಲ್ಲಿ ‘ಮುಳುಗಿಸುತ್ತಾನೆ’ ಎಂಬ ಮಾತನ್ನು ನಿಮ್ಮ ಮನೆಗೆ ಬರೆದು ಕಳಿಸಿದ್ದೆ. ಅದನ್ನು ಹಾಗೇ ಬಿಟ್ಟು ಸುಮ್ಮನಿರಲು ಆಗುತ್ತಿಲ್ಲ. ನನ್ನ ತಂದೆಯೂ ಲೂನನ್‌ಬರ್ಗಿನ ಮೀನು ಹಡಗುಗಳಲ್ಲಿದ್ದವರು. ಇಷ್ಟಾದರೂ ನನಗೆ ತಿಳಿಯಬೇಕಿತ್ತು.

ಕಾರ್ಡುಗಳು ಜೋಪಾನವಾಗಿವೆ.

ವಿನಿಫ್ರೆಡ್ ಕೋರ್ಕಮ್


ಪೆಟ್ರೆಲ್ ದ್ವೀಪ
7 ಏಪ್ರಿಲ್ 1975

ಮಿಸ್ ಕೋರ್ಕಮ್ ಅವರಿಗೆ,

ನಿಮ್ಮಿಂದ ಒಂದು ಕೆಲಸ ಆಗಬೇಕು.

ನಿನ್ನೆ ಚರ್ಚು ಮುಗಿಸಿ ಕ್ಲೇಟನ್ ಬಂದ. ಟೋಪಿ ತೆಗೆಯದೆ ಅಡುಗೆಮನೆಯಲ್ಲಿ ಕೂತ. ಬರ್ಟಿಸ್ ಕೊಟ್ಟಿಗೆಯಲ್ಲಿದ್ದ.

‘ನಿನ್ ಗಂಡ ಇನ್ನೂ ಮಾತಾಡಲ್ವಾ?’ ಅಂದ.

‘ಉಪ್ಪು ಬೇಕಾದ್ರೆ ಕೇಳ್ತಾನೆ.’

‘ಅವನಿಗೆ ಮಾತಾಡೋಕೆ ಮುಖ ಇಲ್ಲ, ಎಲ್ವಾ.’

‘ಏನದು, ನೆಟ್ಟಗೆ ಹೇಳು. ಚಹಾ ಆರ್ತಿದೆ.’

‘ಚುಕ್ಕಾಣಿ ಹಿಡಿದವನು ಹಗ್ಗದ ಮೇಲೆ ಕಣ್ಣಿಡಬೇಕು. ಅವನ ಕೈಲಿ ಪೆನ್ಸಿಲ್ ಇತ್ತು. ಹುಡುಗ ಏನೋ ಅಂದ, ಇವನು ನಕ್ಕ. ನಕ್ಕೊಂಡು ಆ ಹಾಳು ಕಾರ್ಡು ತೆಗೆದು ಬರೀತಿದ್ದ. ನಾನು ತಿರುಗೋ ಹೊತ್ತಿಗೆ ವೇಡ್ ಇರಲಿಲ್ಲ.’

‘ಏನಂದ?’

‘ಯಾರು?’

‘ವೇಡ್ ಕಣೋ. ಏನಂದ?’

‘ಇಂಜಿನ್ ಗದ್ದಲ. ನನಗೆ ಕೇಳಿಸಲಿಲ್ಲ.’

ಚಹಾ ಕುಡಿಯದೆ ಎದ್ದು ಹೋದ.

ಬರ್ಟಿಸ್‌ನನ್ನು ನಾನು ಕೇಳಿಲ್ಲ. ಕೇಳಿದರೆ ಪೆನ್ಸಿಲ್ಲಿನ ವಿಷಯ ನನಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಗುತ್ತದೆ. ಸದ್ಯ ಅವನು ಊಟಕ್ಕೆ ಬರುತ್ತಾನೆ, ಎದುರು ಕೂರುತ್ತಾನೆ. ಅದೂ ನಿಂತುಹೋದರೆ ಏನು ಮಾಡಲಿ?

ಅವನು ಅಂದು ಬರೆದ ಕಾರ್ಡು ನಿಮ್ಮಲ್ಲಿದೆ. ಪೆಟ್ಟಿಗೆಗಳನ್ನು ಅಂಚೆಗೆ ಕೊಟ್ಟವಳು ನಾನು. ಒಂದನ್ನೂ ತೆರೆದು ಓದಲಿಲ್ಲ. ನನ್ನ ಮಗ ಕೊನೆಗೆ ಏನಂದ ಎಂದು ತಿಳಿದರೆ ಸಾಕು. ಬೇರೆ ಏನೂ ಬೇಡ.

ಎಲ್ವಾ ನ್ಯೂವೆಲ್


ಹ್ಯಾಲಿಫ್ಯಾಕ್ಸ್
28 ಏಪ್ರಿಲ್ 1975

ಶ್ರೀಮತಿ ನ್ಯೂವೆಲ್ ಅವರಿಗೆ,

ಇನ್ನೂ ಸಿಕ್ಕಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಿಮ್ಮ ಕಾರ್ಡುಗಳು ಬಂದ ತಿಂಗಳೇ ಅವನ್ನು ಬಿಡಿಸಿ ಅರ್ಥದ ಪ್ರಕಾರ ಹಂಚಿಬಿಟ್ಟಿದ್ದೆವು. ‘ಸೆಟ್’ ಪದಕ್ಕೆ ಇಡೀ ಕರಾವಳಿಯಿಂದ ಬಂದ ಆರು ಸಾವಿರ ಕಾರ್ಡುಗಳಿವೆ, ಈವರೆಗೆ ನೂರ ಅರವತ್ತಮೂರು ಅರ್ಥ. ವೇಡ್ ಏನು ಹೇಳಿದರೆಂದು ತಿಳಿಯದೆ ಯಾವ ಅರ್ಥದಡಿ ಹುಡುಕಬೇಕೆಂದು ತಿಳಿಯುವುದಿಲ್ಲ. ಊಟದ ಬಿಡುವಿನಲ್ಲಿ ಒಂದೊಂದೇ ಖಾನೆ ನೋಡುತ್ತಿದ್ದೇನೆ.

ಬೋನು ಇಳಿಸುವುದರಿಂದ ಶುರುಮಾಡಿದೆ. ಅಂದು ಆ ಕೆಲಸವೇ ನಡೆದಿತ್ತಲ್ಲ. ಅಲ್ಲಿರಲಿಲ್ಲ. ಉಬ್ಬರದ ಸೆಳೆತ, ಗಾಳಿ ಒಂದೇ ಕಡೆ ನಿಲ್ಲುವುದು, ಸೂರ್ಯ ಮುಳುಗುವುದು, ಇವೂ ಆದವು. ಗರಗಸದ ಹಲ್ಲು ಬಾಗಿಸುವುದು, ಮುರಿದ ಮೂಳೆ ಕೂಡಿಸುವುದು, ನಾಯಿ ಛೂ ಬಿಡುವುದು, ಈರುಳ್ಳಿ ನಾಟಿ, ಕೋಳಿ ಕಾವಿಗೆ ಕೂರುವುದು, ಹಠ ಹಿಡಿದ ಮನುಷ್ಯ. ಎಲ್ಲದಕ್ಕೂ ಇದೊಂದೇ ಪದ ದುಡಿಯುತ್ತದೆ. ಎಲ್ಲದರಲ್ಲೂ ನಿಮ್ಮ ಯಜಮಾನರ ಅಕ್ಷರ ಕಂಡಿತು. ಆ ತಾರೀಖು ಮಾತ್ರ ಕಾಣಲಿಲ್ಲ.

ಒಂದು ಮಾತು. ಇನ್ನೂರ ಹನ್ನೆರಡು ಕಾರ್ಡುಗಳಲ್ಲಿ ಮಾತಾಡಿದವರು ನೀವು, ಹೆಸರಿನ ಮುಂದೆ ನಿಮ್ಮ ಆಗಿನ ವಯಸ್ಸೂ ಇದೆ. ಮೇಜಿಗೆ ತಟ್ಟೆ ಇಡುವ ಖಾನೆಯಲ್ಲಿ: ‘ನಾಲ್ಕು ಜನಕ್ಕೆ ಸೆಟ್ ಮಾಡು, ಪಾದ್ರಿ ಬಂದರೂ ಬರಬಹುದು, ಬಂದರೆ ಇಬ್ಬರದು ತಿಂತಾನೆ. ಎಲ್ವಾ, 49.’ ಜೆಲ್ಲಿ ಗಟ್ಟಿಯಾಗುವ ಖಾನೆಯಲ್ಲಿ: ‘ಅಲುಗಾಡಿಸಬೇಡ ಕಣೋ, ಸೆಟ್ ಆಗಲಿ, ನಿಮ್ಮಪ್ಪನ ತಲೆ ಥರ. ಎಲ್ವಾ, 52.’ ತಲೆಗೂದಲಿಗೆ ಸುರುಳಿ ಹಾಕುವ ಖಾನೆಯಲ್ಲಿ: ‘ಈಗಷ್ಟೇ ಸೆಟ್ ಮಾಡಿದ್ದು, ಮುಟ್ಟಿದ್ರೆ ಕೈ ಮುರೀತೀನಿ. ಎಲ್ವಾ, 44.’ ಅದರ ಕೆಳಗೆ ಸಣ್ಣದಾಗಿ ‘ಶನಿವಾರ ಮಾತ್ರ’ ಎಂದು ಬರೆದಿದ್ದಾರೆ.

ಹುಡುಕುತ್ತಿರುತ್ತೇನೆ.

ವಿನಿಫ್ರೆಡ್ ಕೋರ್ಕಮ್


ಪೆಟ್ರೆಲ್ ದ್ವೀಪ
5 ಮೇ 1975

ಮಿಸ್ ಕೋರ್ಕಮ್ ಅವರಿಗೆ,

ನಾನು ಅಷ್ಟು ಮಾತಾಡುತ್ತಿದ್ದೆ ಎಂದು ನನಗೆ ತಿಳಿದಿರಲಿಲ್ಲ. ಬೇರೆ ಯಾವಳೋ ಹೆಂಗಸಿನ ಮಾತು ಓದಿದ ಹಾಗಾಯಿತು. ಪಾದ್ರಿಯ ಮಾತು ಪುಸ್ತಕದಲ್ಲಿ ಹಾಕಬೇಡಿ, ಅವರು ಇನ್ನೂ ಬದುಕಿದ್ದಾರೆ.

ಬರ್ಟಿಸ್ ಮೊದಲು ಯಾವಾಗಲೂ ಅಂಗಿ ಜೇಬಿನಲ್ಲಿ ಕಾರ್ಡು ಇಟ್ಟುಕೊಂಡಿರುತ್ತಿದ್ದ. ಊಟದ ನಡುವೆ ಚಮಚ ಕೆಳಗಿಟ್ಟು ಬರೆಯುತ್ತಿದ್ದ. ‘ಮೊದಲು ತಿನ್ನು’ ಅಂದರೆ ‘ಮಾತು ಆರಿಹೋಗುತ್ತೆ, ಸೂಪು ಬಿಸಿ ಮಾಡಬಹುದು’ ಅನ್ನುತ್ತಿದ್ದ.

ವೇಡ್ ಇದನ್ನೇ ಆಟ ಮಾಡಿಕೊಂಡಿದ್ದ. ಹದಿನಾರರಲ್ಲಿ ಶುರು. ಅಪ್ಪನಿಗೆ ಸುಳ್ಳು ಮಾತು ಕೊಡುವುದು. ಮೀಸೆ ಚಿಗುರುವ ಮೊದಲು ತುಟಿ ಕೆರೆಯುವುದಕ್ಕೆ ದೋಣಿ ಕಟ್ಟುವ ದಕ್ಕೆಯಲ್ಲಿ ಎಲ್ಲರೂ ‘ಸೆಟ್’ ಅಂತಾರೆ ಎಂದು ಒಂದು ದಿನ ಹೇಳಿದ. ಬರ್ಟಿಸ್ ಬರೆದುಕೊಂಡು ದಕ್ಕೆಗೆ ಹೋಗಿ ಹತ್ತು ಜನರನ್ನು ವಿಚಾರಿಸಿದ. ವಾರವಿಡೀ ಅವರು ಇವನನ್ನು ಕಂಡರೆ ತುಟಿ ಕೆರೆದುಕೊಳ್ಳುತ್ತಿದ್ದರು. ಆಮೇಲೆ ಹುಡುಗನ ಮುಖ ನೋಡಿದರೇ ಇವನಿಗೆ ಗೊತ್ತಾಗುತ್ತಿತ್ತು. ಆದರೂ ಬರೆಯುತ್ತಿದ್ದ.

‘ಸುಳ್ಳು ಅಂತ ಗೊತ್ತಿದ್ದೂ ಯಾಕೆ ಬರೀತೀಯ?’ ಅಂದೆ ಒಂದು ಸಲ.

‘ಅರ್ಥ ಸುಳ್ಳಿರಬಹುದು. ಅವನು ಹೇಳಿದ್ದು ನಿಜ ತಾನೇ’ ಅಂದ.

ಇದನ್ನೆಲ್ಲ ನಿಮಗೆ ಯಾಕೆ ಬರೆಯುತ್ತಿದ್ದೇನೋ. ಇವತ್ತು ಮಂಜು ಕವಿದಿದೆ. ದಡ ಕಾಣುವುದಿಲ್ಲ.

ಎಲ್ವಾ ನ್ಯೂವೆಲ್


ಹ್ಯಾಲಿಫ್ಯಾಕ್ಸ್
12 ಮೇ 1975

ಶ್ರೀಮತಿ ನ್ಯೂವೆಲ್ ಅವರಿಗೆ,

ಸಿಕ್ಕಿತು.

ನಾನು ನಿಜವಾದ ಅರ್ಥಗಳಲ್ಲೇ ಹುಡುಕುತ್ತಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಹೊಳೆಯಿತು. ನಮ್ಮಲ್ಲಿ ಒಂದು ಅರ್ಥ ಪುಸ್ತಕಕ್ಕೆ ಸೇರಬೇಕಾದರೆ ಬೇರೆ ಬೇರೆ ಮನೆಯ ಇಬ್ಬರ ಬಾಯಲ್ಲಿ ಕೇಳಿರಬೇಕು. ಒಬ್ಬರೇ ಹೇಳಿದ್ದು ಒಂಟಿ ಸಾಕ್ಷಿ. ಅಂಥ ಕಾರ್ಡುಗಳು ಬೇರೆ ಕೋಣೆಯಲ್ಲಿ, ಬೇರೆಯವರ ಸುಪರ್ದಿನಲ್ಲಿರುತ್ತವೆ. ಅಲ್ಲಿ ವೇಡ್ ಅವರದು ಹತ್ತೊಂಬತ್ತು ಕಾರ್ಡುಗಳಿವೆ. ಕೊನೆಯದು ಹೀಗಿದೆ:

ಸೆಟ್
‘ಅಪ್ಪಾ, ಕ್ಲೇಟನ್ ಮಾವನ್ನ ನೋಡು, ಸೆಟ್ ಆಗಿ ಕೂತಿದಾನೆ. ಮಧ್ಯಾಹ್ನದೊಳಗೆ ಮರಿ ಮಾಡ್ತಾನೆ.’
ಹೇಳಿದವರು: ವೇಡ್
ದಿನ: 25 ನವೆಂಬರ್ 1974
ವಯಸ್ಸು:
ಹುಟ್ಟಿದ ಊರು:
ಅರ್ಥ:

ಕೆಳಗಿನ ಮೂರು ಸಾಲು ಖಾಲಿ. ಕೋಳಿ ಕಾವಿಗೆ ಕೂರುವುದಕ್ಕೆ ಈ ಪದ ಎಲ್ಲ ಕಡೆ ಇದೆ. ಕೆಲಸದ ಹೊತ್ತಿನಲ್ಲಿ ಕೂತು ತೂಕಡಿಸುವ ಮನುಷ್ಯನಿಗೆ ಹೀಗೆಂದದ್ದು ಇದೊಂದೇ ಕಾರ್ಡು. ಅದಕ್ಕೇ ಅದು ಅಲ್ಲಿಗೆ ಹೋಗಿತ್ತು.

ಮೂಲ ಕಾರ್ಡು ಕಚೇರಿಯಿಂದ ಹೊರಗೆ ಹೋಗುವಂತಿಲ್ಲ. ಅದರ ಜಾಗದಲ್ಲಿ ನಕಲು ಇಟ್ಟು ಮೂಲವನ್ನು ಇದರೊಂದಿಗೆ ಕಳಿಸುತ್ತಿದ್ದೇನೆ. ಯಾರಿಗೂ ಹೇಳಿಲ್ಲ.

ವಿನಿಫ್ರೆಡ್


ಪೆಟ್ರೆಲ್ ದ್ವೀಪ
9 ಜೂನ್ 1975

ಮಿಸ್ ಕೋರ್ಕಮ್ ಅವರಿಗೆ,

ಕಾರ್ಡು ಬಂದ ಮೇಲೆ ಎರಡು ವಾರ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಿದ್ದೆ. ದಿನಾ ತೆಗೆದು ನೋಡುತ್ತಿದ್ದೆ. ಅಳು ಬರಲಿಲ್ಲ. ಅವನ ದನಿಯೂ ಕೇಳಿಸಲಿಲ್ಲ. ಪೆನ್ಸಿಲ್ಲಿನ ಅಕ್ಷರ ಅಷ್ಟೇ.

ಮೇ 31ಕ್ಕೆ ಲಾಬ್‌ಸ್ಟರ್ ಹಂಗಾಮು ಮುಗಿಯಿತು. ಮರುದಿನ ಕ್ಲೇಟನ್‌ನನ್ನು ಕರೆದು ಕೂರಿಸಿ ಓದಿದೆ. ಅವನು ಟೋಪಿ ತೆಗೆದ.

‘ಇನ್ನೊಂದ್ಸಲ ಓದು’ ಅಂದ. ಓದಿದೆ.

‘ನೀನು ನಿದ್ದೆ ಮಾಡ್ತಿದ್ಯಾ ಕ್ಲೇಟನ್?’

ಟೋಪಿಯನ್ನು ಮೊಣಕಾಲಿನ ಮೇಲಿಟ್ಟ. ‘ನಾಲ್ಕು ಗಂಟೆಗೆ ಎದ್ದಿದ್ದು. ಬೋನುಗಳ ಮೇಲೆ ಬಿಸಿಲು ಬಿದ್ದಿತ್ತು. ಒಂದು ಗಳಿಗೆ ಕಣ್ಣು ಮುಚ್ಚಿದೆ. ನಗು ಕೇಳಿಸ್ತು, ನಿದ್ದೆಗಣ್ಣಲ್ಲಿ. ಬಿಡು, ನಗಲಿ ಅಂತ ಕಣ್ಣು ಬಿಡಲಿಲ್ಲ. ಹಗ್ಗದ ಹತ್ತಿರ ಇರಬೇಕಾದವನು ನಾನು.’

‘ಪೆನ್ಸಿಲ್ ಮಾತ್ರ ಹೇಳಿದೆ ನನಗೆ.’

‘ಹೂಂ.’

‘ಆರು ತಿಂಗಳು.’

‘ಹೂಂ, ಎಲ್ವಾ.’

ಎದ್ದು ನೆಟ್ಟಗೆ ಕೊಟ್ಟಿಗೆಗೆ ಹೋದ. ನಾನು ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತೆ. ಒಳಗೆ ಬರ್ಟಿಸ್ ಜೊತೆ ಇನ್ನೂ ನಾಲ್ವರು ಗಂಡಸರಿದ್ದರು. ಎಲ್ಲರ ಎದುರು ಕ್ಲೇಟನ್, ‘ಬರ್ಟಿಸ್, ಅವತ್ತು ನಾನು ಸೆಟ್ ಆಗಿ ಕೂತಿದ್ದೆ. ವೇಡ್ ಅಂದ ಹಾಗೆ. ನೀನೊಬ್ಬನೇ ಅಲ್ಲ’ ಅಂದ.

ಬರ್ಟಿಸ್ ಹೆಣೆಯುತ್ತಲೇ ಇದ್ದ. ‘ಗೊತ್ತು’ ಅಂದ. ‘ನಿನ್ನ ನೋಡಿಯೇ ನಾವು ನಕ್ಕಿದ್ದು.’

‘ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ?’

‘ಹೇಳಿದ್ರೆ ಏನಾಗ್ತಿತ್ತು?’

ಅಷ್ಟೇ. ನಾಲ್ವರೂ ನೆಲ ನೋಡುತ್ತಿದ್ದರು. ಒಬ್ಬ ದಾರದ ಉಂಡೆ ಎತ್ತಿ ಬರ್ಟಿಸ್ ಕೈಗೆ ಕೊಟ್ಟ.

ಮಧ್ಯಾಹ್ನ ಊಟಕ್ಕೆ ಬಂದಾಗ ಕಾರ್ಡನ್ನು ಅವನ ತಟ್ಟೆಯ ಪಕ್ಕ ಇಟ್ಟೆ. ಉಪ್ಪುಮೀನು, ಆಲೂಗಡ್ಡೆ ಬಡಿಸಿದೆ. ಅವನು ಓದಿದ. ಕೈ ತೊಳೆದುಕೊಂಡು ಬಂದು ಮತ್ತೆ ಓದಿದ.

‘ಯಾರು ಕಳಿಸಿದ್ದು?’

‘ಮಿಸ್ ಕೋರ್ಕಮ್.’

‘ಮೂಲ ಕಾರ್ಡು ಹೊರಗೆ ಕಳಿಸಬಾರದು’ ಅಂದ. ಆಮೇಲೆ ಊಟ ಮಾಡಿದ. ಕಾರ್ಡು ಈಗ ಅವನ ಅಂಗಿ ಜೇಬಿನಲ್ಲಿದೆ. ಒಗೆಯುವ ದಿನ ತೆಗೆದು ಇನ್ನೊಂದು ಅಂಗಿಗೆ ಹಾಕಿಕೊಳ್ಳುತ್ತಾನೆ.

ನನಗೆ ಈಗ ಒಂದು ಆಸೆ ಹುಟ್ಟಿದೆ. ಆರೂವರೆ ತಿಂಗಳಲ್ಲಿ ಹುಟ್ಟಿದ ಮೊದಲನೆಯದು. ವೇಡ್ ಹೇಳಿದ ಅರ್ಥ ನಿಮ್ಮ ಪುಸ್ತಕಕ್ಕೆ ಸೇರಬೇಕು. ಅದಕ್ಕೆ ಏನು ಮಾಡಬೇಕು, ಹೇಳಿ.

ಎಲ್ವಾ


ಹ್ಯಾಲಿಫ್ಯಾಕ್ಸ್
20 ಜೂನ್ 1975

ಎಲ್ವಾ ಅವರಿಗೆ,

ಎರಡನೇ ಸಾಕ್ಷಿ ಬೇಕು. ಬೇರೆ ಮನೆಯವರಾಗಿರಬೇಕು. ಕೇಳಿ ಹೇಳಿಸಿದ್ದು ಲೆಕ್ಕಕ್ಕಿಲ್ಲ. ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂಬಂತೆ ತಮ್ಮ ಪಾಡಿಗೆ ಆಡಿದ್ದಾಗಿರಬೇಕು. ಮೊನ್ನೆ ಕ್ಲೇಟನ್ ಆಡಿದ್ದು ವೇಡ್ ಮಾತನ್ನೇ ತಿರುಗಿ ಹೇಳಿದ್ದು, ಅದು ಸಾಲದು.

ಈ ಪದ ಜನವರಿಯಲ್ಲಿ ಅಚ್ಚಿಗೆ ಹೋಗುತ್ತದೆ. ನಿಯಮ ನಾನು ಮಾಡಿದ್ದಲ್ಲ. ನನ್ನ ಕೈಯಲ್ಲಿದ್ದಿದ್ದರೆ ಇಂದೇ ಸೇರಿಸುತ್ತಿದ್ದೆ.

ವಿನಿಫ್ರೆಡ್


ಪೆಟ್ರೆಲ್ ದ್ವೀಪ
15 ಸೆಪ್ಟೆಂಬರ್ 1975

ವಿನಿಫ್ರೆಡ್ ಅವರಿಗೆ,

ನಾನು ಒಂದು ತಪ್ಪು ಮಾಡಿದೆ. ಕ್ಲೇಟನ್‌ನ ಹೆಂಡತಿಗೆ ಮೊದಲೇ ಹೇಳಿಕೊಟ್ಟು ಭಾನುವಾರ ಊಟಕ್ಕೆ ಕರೆದೆ. ಬರ್ಟಿಸ್ ಎದುರಿಗೇ ಅವಳು ತನ್ನ ಗಂಡನಿಗೆ ‘ಏನು ಸೆಟ್ ಆಗಿ ಕೂತ್ಬಿಟ್ರಿ, ತಟ್ಟೆ ಎತ್ತಿ’ ಅಂದಳು. ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗಿತ್ತು. ಕ್ಲೇಟನ್ ಕೆಂಪಗಾದ.

ಬರ್ಟಿಸ್ ಪೆನ್ಸಿಲ್ ಮುಟ್ಟಲಿಲ್ಲ. ಅವರು ಹೋದ ಮೇಲೆ ‘ಹೇಳಿಸಿದ್ದು’ ಅಂದ. ತಟ್ಟೆಗಳನ್ನು ಎತ್ತಿಡುತ್ತ, ‘ಪುಸ್ತಕ ಸುಳ್ಳಾಗಬಾರದು ಎಲ್ವಾ. ಅವನ ಹೆಸರಲ್ಲಂತೂ ಬೇಡ’ ಅಂದ.

ಇನ್ನು ನಾನು ಏನೂ ಮಾಡುವುದಿಲ್ಲ.

ಎಲ್ವಾ


ಪೆಟ್ರೆಲ್ ದ್ವೀಪ
26 ನವೆಂಬರ್ 1975

ಮಿಸ್ ಕೋರ್ಕಮ್ ಅವರಿಗೆ,

ಮೂಲ ಕಾರ್ಡು ವಾಪಸು ಕಳಿಸುತ್ತಿದ್ದೇನೆ. ಅದು ಇರಬೇಕಾದ್ದು ಅಲ್ಲಿ. ಅಂದು ನಾನೇ ಖಾಲಿ ಬಿಟ್ಟಿದ್ದ ಸಾಲುಗಳನ್ನು ತುಂಬಿದ್ದೇನೆ. ವಯಸ್ಸು 23. ಹುಟ್ಟಿದ ಊರು ಪೆಟ್ರೆಲ್ ದ್ವೀಪ. ಅರ್ಥ: ಉಳಿದವರು ದುಡಿಯುತ್ತಿರುವಾಗ ಕೂತು ತೂಕಡಿಸುವುದು. ಬೈಗುಳ ಅಲ್ಲ, ತಮಾಷೆಗೆ ಹೇಳುವುದು.

ಜೊತೆಗೆ ಇನ್ನೊಂದು ಕಾರ್ಡು ಇದೆ. ಅದು ಬಂದ ಬಗೆ ಹೇಳಬೇಕು, ಇಲ್ಲದಿದ್ದರೆ ನೀವು ಅನುಮಾನಪಡುತ್ತೀರಿ.

ಸೋಮವಾರ ಬೋನು ಇಳಿಸುವ ದಿನ. ನಾನು ಹೋಗಲಿಲ್ಲ. ದಕ್ಕೆಯವರೆಗಾದರೂ ಹೋಗೋಣ ಎಂದು ಎಲ್ವಾ ಅಂದಳು. ಹೋದೆವು. ಬೆರಿಲ್ ಗುಡ್‌ವಿನ್ ಎಂಬ ಹುಡುಗಿ ಅಲ್ಲಿದ್ದಳು. ಆಗಸ್ಟಿನಲ್ಲಿ ಮದುವೆಯಾಗಿ ಒಳನಾಡಿನಿಂದ ಬಂದವಳು, ವಯಸ್ಸು 20. ವೇಡ್‌ನನ್ನು ನೋಡಿಲ್ಲ. ನಾನು ಯಾರ ಅಪ್ಪ ಎಂದೂ ಅವಳಿಗೆ ಗೊತ್ತಿರಲಿಲ್ಲ. ಅವಳ ಗಂಡ ದೋಣಿಯಲ್ಲಿ ಬೋನುಗಳ ಮೇಲೆ ಕೂತು ತೂಕಡಿಸುತ್ತಿದ್ದ. ಇವಳು ದಕ್ಕೆಯ ಮೇಲಿಂದ ಕೂಗಿದಳು: ‘ಏಯ್, ಎಲ್ಲ ಹೊರಟ್ರು, ನೀನಿನ್ನೂ ಸೆಟ್ ಆಗಿ ಕೂತಿದೀಯಲ್ಲೋ! ಎದ್ದು ಹಗ್ಗ ನೋಡ್ಕೋ!’

ಅವನು ಎದ್ದ.

‘ಆ ಮಾತು ಎಲ್ಲಿ ಕಲಿತೆ ಮಗಳೇ?’ ಅಂದೆ.

‘ಯಾವ್ದು?’ ಅಂದಳು. ಹೇಳಿದೆ.

‘ಅಯ್ಯೋ, ಅದು ನಿಮ್ಮ ಊರಿನ ಹಳೇ ಮಾತಲ್ವಾ? ನಮ್ಮತ್ತೆ ಅಂತಾರೆ, ದಕ್ಕೆಲಿ ಎಲ್ಲರೂ ಅಂತಾರೆ. ಇಲ್ಲೇ ಹುಟ್ಟಿದವರು, ನಿಮಗೇ ಗೊತ್ತಿಲ್ವಾ?’

‘ಗೊತ್ತು’ ಅಂದೆ.

ಎಲ್ವಾ ನನ್ನ ತೋಳು ಹಿಡಿದಳು. ಹುಡುಗಿ ತನ್ನ ಗಂಡನಿಗೆ ಕೈ ಬೀಸುತ್ತಿದ್ದಳು.

ನನ್ನ ಬಳಿ ಪೆನ್ಸಿಲ್ ಇರಲಿಲ್ಲ. ಎಲ್ವಾ ಕೈಚೀಲದಿಂದ ತೆಗೆದು ಕೊಟ್ಟಳು. ಹಿಡಿದುಕೊಂಡು ನಿಂತೆ. ಕೊನೆಯ ದೋಣಿ ತಿರುವು ದಾಟಿ ಮರೆಯಾಗುವವರೆಗೆ ನೀರಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಬರೆದೆ.

ಬರ್ಟಿಸ್ ನ್ಯೂವೆಲ್